ಹಿಂದೊಂದು ಮುಂದೊಂದು ಸ್ಟಾರ್

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ಟೈಲರನಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಳು ಲೈಬ್ರರಿಯ ಕ್ಲರ್ಕು, ಇನ್ನೊಬ್ಬಳು ಅವಳ ನಾದಿನಿ.

“ಕಂಪ್ಯೂಟರಿಗೆ ಬಾರ್‌ಕೋಡ್ ಫಾಂಟ್ ಹಾಕಿದ್ದು ನಾನೇ. ನಂಬರ್ ಟೈಪ್ ಮಾಡಿದ್ರೆ ಗೆರೆ ಬರುತ್ತೆ. ನಂಬರಿನ ಹಿಂದೊಂದು ಮುಂದೊಂದು ಸ್ಟಾರ್ ಹೊಡೀಲೇಬೇಕು, ಅವೂ ಗೆರೆಯಾಗೇ ಬರುತ್ವೆ. ಇಲ್ದಿದ್ರೆ ಮೆಷಿನ್ ಓದಲ್ಲ.”

“ಹೊಡೆದಿರ್ಲಿಲ್ವಾ ಅತ್ತಿಗೆ?”

“ಹೊಡೆದಿದ್ದೆ. ನಮ್ಮ ಸಾಹೇಬ್ರು ನಂಬರ್ ಪಟ್ಟಿ ನೋಡಿ, ಇದೇನು ಕಸ ಅಂತ ಎಲ್ಲಾ ಸ್ಟಾರೂ ಅಳಿಸಿ ಪ್ರಿಂಟ್ ಕೊಟ್ರು.”

“ಎಷ್ಟು ಪುಸ್ತಕಕ್ಕೆ?”

“ಆರು ಸಾವಿರ. ಅಂಟಿಸಿ ಅಂಟಿಸಿ ಬೆರಳಿನ ಚರ್ಮ ಕಿತ್ತುಬಂತು. ಒಂದಾದ್ರೂ ಬೀಪ್ ಅನ್ಲಿಲ್ಲ. ಮೆಷಿನ್ನೇ ಸರಿಯಿಲ್ಲ ಅಂದ್ರು.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೊಸದಾಗಿ ಪ್ರಿಂಟ್ ಹಾಕ್ಬೋದಲ್ಲ?”

“ಹಾಕಿದ್ರೆ ತಪ್ಪು ಅವರದ್ದು ಅಂತಾಗುತ್ತೆ. ಅದಕ್ಕೆ ಈಗ ಪೆನ್ ಕೊಟ್ಟು, ಎಲ್ಲಾ ಚೀಟಿ ಮೇಲೂ ಕೈಯಲ್ಲೇ ಸ್ಟಾರ್ ಬರೀರಿ ಅಂದಿದಾರೆ.”

ಟೈಲರ್ ನಗಲು ಹೋಗಿ ಕೆನ್ನೆ ಒತ್ತಿಕೊಂಡ.

“ಪೆನ್ನಲ್ಲಿ ಬರೆದ್ರೆ ಮೆಷಿನ್ ಓದುತ್ತಾ?”

ಒಳಗಿನಿಂದ ಕಂಪೌಂಡರ್ ಕರೆದ. ಕ್ಲರ್ಕು ಚೀಲ ಹೆಗಲಿಗೇರಿಸಿ ನಾದಿನಿಯ ಜೊತೆ ಎದ್ದಳು.

“ಮೆಷಿನ್‌ಗೆ ಕಾಣಲ್ಲ, ಸಾಹೇಬ್ರಿಗೆ ಕಾಣುತ್ತೆ. ಮುನ್ನೂರು ಬರೆದು ತೋರಿಸ್ದೆ. ಈಗ ನೋಡಿ, ಎಷ್ಟು ಚೆನ್ನಾಗಿದೆ ಅಂದ್ರು.”