ಕಿಟ್ಟಜ್ಜ ಅಲುಗಿಸಿದ ತಂತಿ

ನಾನು ಹೇಳ್ತೇನೆ... ಆದ್ರೆ ನಡುವೆ ಯಾರೂ ನಗ್ಬೇಡಿ. ನನಗೆ ಓದ್ಲಿಕ್ಕೆ ಮಾತ್ರ ಗೊತ್ತು, ಹೇಳಿ ಅಭ್ಯಾಸ ಇಲ್ಲ. ಮತ್ತೆ ಇದು ಕತೆಯೂ ಅಲ್ಲ. ಅಜೆಕಾರಿನ ದೊಡ್ಡಮ್ಮನ ಮಗ ಅಕ್ಷಿತಣ್ಣನಿಗೆ ಆದದ್ದು.

ಹೋದ ಏಪ್ರಿಲ್. ಮಣಿಪಾಲದ ಕಾಲೇಜಿಂದ ಬರುವಾಗ ತಡ ಆಗಿತ್ತು. ಕೊನೇ ಬಸ್ಸು ಇಳಿದು ಒಬ್ಬನೇ ನಡೀತಾ ಇದ್ದ. ದಾರಿಯ ಎಡಕ್ಕೆ ಸರ್ವೋತ್ತಮ ಮಾಮನ ಗೇರುಗುಡ್ಡೆ, ಅದರ ಉದ್ದಕ್ಕೂ ಮುಳ್ಳುತಂತಿ ಬೇಲಿ. ಬೇಲಿಯ ಒಳಗೆ, ದಾರಿಗೆ ತಾಗಿಕೊಂಡೇ ಒಂದು ಬಾವಿ. ಅಲ್ಲಿಗೆ ಬಂದಾಗ...

ಝಿಂಯ್. ಝಿಂಯ್. ಝಿಂಯ್.

ಮೂರು ಸಲ ತಂತಿ ಎಳೆದ ಹಾಗೆ. ಸ್ವಲ್ಪ ಹೊತ್ತು ಏನಿಲ್ಲ. ಪುನಃ ಮೂರು ಸಲ. ಗಾಳಿ ಇಲ್ಲ. ದನ ಇಲ್ಲ. ಅಣ್ಣ ನಡಿಗೆ ನಿಲ್ಲಿಸಿದ... ಯಾಕಂದ್ರೆ ಆ ಎಳೆತ ಅವನಿಗೆ ಗೊತ್ತಿತ್ತು.

ಅದನ್ನು ಮೊದಲು ಹೇಳ್ಬೇಕು. ಆ ಬೇಲಿಗೆ ಅಲಾರಂ ಮಾಡಿ ಕೊಟ್ಟದ್ದು ಅವನೇ. ಬೀಪ್ ಬೀಪ್ ಮಾಡುವ ಆಟಿಕೆಯೊಳಗೆ ಹಿತ್ತಾಳೆಯ ಸಣ್ಣ ಬಿಲ್ಲೆ ಇರ್ತದಲ್ವಾ, ಅಂಥದ್ದನ್ನು ಕಂಬಕ್ಕೊಂದು ಅಂಟಿಸಿದ್ದ. ತಂತಿ ಅಲುಗಿದ್ರೆ ಮಾಮನ ಜಗಲಿಯಲ್ಲಿರುವ ಡಬ್ಬಿ ಕೂಗ್ತದೆ, ಯಾವ ಕಂಬ ಅಂತ ನಂಬರ್ ತೋರಿಸ್ತದೆ. ಕಳ್ಳರಿಗೆ ಅಂತ ಮಾಡಿದ್ದು. ಸಿಕ್ಕಿದ್ದು ಕಿಟ್ಟಜ್ಜ.

ಕಿಟ್ಟಜ್ಜ ಬೇಲಿಯಾಚೆ ಒಬ್ಬನೇ ಇದ್ದದ್ದು. ಮೊದಲಿಂದಲೂ ಅವನಿಗೆ ಅದೇ ಬಾವಿಯ ನೀರು. ಬೇಲಿ ಬಂದ ಮೇಲೆ ರಾತ್ರಿ ತಂತಿ ನುಸುಳಿ ಬರ್ತಿದ್ದ. ಪ್ರತಿ ಸಲ ಡಬ್ಬಿ ಕೂಗಿದ ಕೂಡ್ಲೇ ಮಾಮ ಓಡಿ ಹೋಗಿ ತುಂಬಿದ ಕೊಡಪಾನವನ್ನು ಅವನ ಕಾಲಬುಡದಲ್ಲೇ ಕವುಚಿ ಹಾಕ್ತಿದ್ರು. ಒಮ್ಮೆ ಮಣ್ಣು ಅಗೆಯುವ ಪಿಕ್ಕಾಸಲ್ಲಿ ಕೊಡಪಾನದ ತಳಕ್ಕೇ ಹೊಡೆದು ತೂತು ಮಾಡಿದ್ರು.

"ತಂತಿ ಮುಟ್ಟಿದ್ರೆ ಸಾಕು, ಓಡಿ ಬರ್ತೀರಲ್ಲ ಧನಿಗಳೇ," ಅಂದನಂತೆ ಅಜ್ಜ.

"ಮತ್ತೆ? ನಿನಗಾಗಿಯೇ ಇಟ್ಟದ್ದಲ್ವಾ. ಯಾವಾಗ ಬೇಕಾದ್ರೂ ಅಲುಗಿಸು, ಬರ್ತೇನೆ."

ತೂತಿಗೆ ಬಟ್ಟೆ ತುರುಕಿ ಅಜ್ಜ ಪುನಃ ಬಂದ. ಅವತ್ತು ಅಕ್ಷಿತಣ್ಣ ಮಾಮನ ಮನೆಯಲ್ಲೇ ಇದ್ದ. ಡಬ್ಬಿ ಕೂಗಿತು, ಬಾವಿ ಹತ್ತಿರದ ಕಂಬ. ಆದ್ರೆ ಯಾರೋ ನುಸುಳಿದ ಹಾಗಲ್ಲ. ಮೂರು ಸಲ ಕೂಗಿ ನಿಲ್ತದೆ. ಪುನಃ ಮೂರು ಸಲ. ಮಾಮ ಊಟಕ್ಕೆ ಕೂತಿದ್ರು.

"ಮುದುಕನಿಗೆ ಆಟ. ಆಫ್ ಮಾಡು ಮಾರಾಯ."

ಅಣ್ಣ ಆಫ್ ಮಾಡಿದ.

ಅಜ್ಜನಿಗೆ ವಿಷದ ಕನ್ನಡಿ ಹಾವು ಕಚ್ಚಿತ್ತು. ಬೆಳಿಗ್ಗೆ ನೋಡುವಾಗ ಅಜ್ಜ ಕಂಬಕ್ಕೆ ಒರಗಿ ಕೂತೇ ಇದ್ದ. ಕೊಡಪಾನ ಪಕ್ಕದಲ್ಲಿ ಉರುಳಿತ್ತು. ತಂತಿ ಹಿಡಿದ ಬೆರಳು ಬಿಡಿಸ್ಲಿಕ್ಕೆ ಇಬ್ಬರು ಬೇಕಾಯ್ತಂತೆ. ಅಲುಗಿಸಿದ್ರೆ ಬರ್ತಾರೆ ಅಂತ ಕರೆದದ್ದು ಅವನು...

ಅಜ್ಜ ಸತ್ತು ತಿಂಗಳೂ ಆಗಿರಲಿಲ್ಲ. ಈಗ ಕತ್ತಲಲ್ಲಿ ಅದೇ ಎಳೆತ. ಅಣ್ಣ ಮಾಮನಿಗೆ ಫೋನ್ ಮಾಡಿದ. ಪಿಸುದನಿಯಲ್ಲಿ ಕೇಳಿದ.

"ಮಾಮ, ಡಬ್ಬಿ ಆನ್ ಉಂಟಾ?"

"ಇಲ್ಲ. ಬ್ಯಾಟರಿ ಅವತ್ತೇ ತೆಗೆದದ್ದು. ಎಂತ ಈಗ..."

ಅಷ್ಟರಲ್ಲಿ ಫೋನಲ್ಲೇ ಕೇಳಿತು. ಟಿಟ್. ಟಿಟ್. ಟಿಟ್.

ಮಾಮನ ಸ್ವರ ಸಣ್ಣ ಆಯ್ತು. "ನಂಬರ್ ಬರ್ತಾ ಉಂಟು ಮಾರಾಯ... ಇಪ್ಪತ್ತೆರಡು... ಹದಿನೈದು... ಎಂಟು..."

ಒಂದನೇ ಕಂಬ ಅಂದ್ರೆ ಮಾಮನ ಗೇಟು. ಮನೆಯಲ್ಲಿ ಅವರೊಬ್ಬರೇ.

ಅಣ್ಣನ ಪಕ್ಕದ ತಂತಿ ನಿಂತೇ ಹೋಗಿತ್ತು. ಫೋನಲ್ಲಿ ಮಾತ್ರ ನೀರು ಸುರಿಯುವ ಶಬ್ದ... ಬುಳುಬುಳು... ಬುಳುಬುಳು...

"ಜಗಲಿಯಲ್ಲಿ ನಿಂತಿದ್ದಾನೆ. ಬಾ ಅಕ್ಷಿತ್. ಒಮ್ಮೆ ಓಡಿ ಬಾ."

ಅಣ್ಣ ಎಂತ ಮಾಡಿದ ಗೊತ್ತುಂಟಾ? ಫೋನ್ ಆಫ್ ಮಾಡಿದ. ತನ್ನ ಮನೆಗೆ ಓಡಿದ.

ಬೆಳಿಗ್ಗೆ ಮಾಮ ಸಿಕ್ಕಿದ್ದು ಜಗಲಿಯಲ್ಲಲ್ಲ. ಬಾವಿ ಹತ್ತಿರದ ಕಂಬದಲ್ಲಿ, ಒರಗಿ ಕೂತು. ತಂತಿ ಎಷ್ಟು ಗಟ್ಟಿ ಹಿಡಿದಿದ್ರು ಅಂದ್ರೆ, ಮುಳ್ಳು ಅಂಗೈ ದಾಟಿ ಆಚೆ ಬಂದಿತ್ತು. ಡಾಕ್ಟ್ರು ಹಾರ್ಟ್ ಅಂದ್ರು. ರಾತ್ರಿಯಿಡೀ ತಂತಿ ಅಲುಗಿದ್ದು ಆಚೆ ಮನೆಯವರಿಗೆ ಕೇಳಿತ್ತು. ದನ ಇರ್ಬೇಕು ಅಂತ ಮಲಗಿದ್ರಂತೆ.

ನಂಬದಿದ್ರೆ ಬಿಡಿ. ಮೇ ತಿಂಗಳಲ್ಲಿ ನಾನೇ ಹೋಗಿ ನೋಡಿದ್ದೇನೆ. ಬಾವಿ ಬತ್ತಿ ತಳದ ಕಲ್ಲು ಕಾಣ್ತಿತ್ತು. ಕಂಬದ ಬುಡದಲ್ಲಿ ಆ ಕೊಡಪಾನ ಇನ್ನೂ ಉಂಟು, ಯಾರೂ ಮುಟ್ಟುವುದಿಲ್ಲ. ಬಾಯಿವರೆಗೆ ನೀರು. ನಾನು ಮೊಣಕೈವರೆಗೆ ಕೈ ಹಾಕಿದೆ... ತಳದ ತೂತಲ್ಲಿ ಬಟ್ಟೆ ಇರಲಿಲ್ಲ. ಎರಡು ಬೆರಳು ಆಚೆ ಹೋಯ್ತು. ಕೆಳಗಿನ ಮಣ್ಣು ಸಿಕ್ಕಿತು.

ಒಣ ಮಣ್ಣು.