ನೊರೆ ನಿಂತ ಬೀರು

೧೯೮೨ರ ಒಂದು ಬೆಳಿಗ್ಗೆ ಸಾರಕ್ಕಿ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಅತ್ತೆ, ಅವರ ಸೊಸೆ ನಿಂತಿದ್ದರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

“ಯಾಕಮ್ಮಿ ನಾರಾಯಣಮ್ಮ, ಹಿಂಗ್ ನಗ್ತೀಯ?”

“ಅತ್ತೆ, ನಿಮ್ ಮಗ ರಾಗೀಲಿ ಬೀರು ಮಾಡಿದ್ರಲ್ಲ, ಅದು ಕೆಟ್ಟೋಯ್ತಂತೆ. ಚರಂಡಿಗೆ ಚೆಲ್ತೀನಿ ಅಂತ ಕೂತವ್ರೆ.”

“ಕೆಟ್ಟೋಯ್ತು ಅಂತ ಯಾರಂದ್ರು?”

“ಅವ್ರೇ ಅಂದ್ರು. ನೊರೆ ನಿಂತೋಯ್ತಲ್ಲ, ಅದಕ್ಕೆ.”

“ನೊರೆ ನಿಂತ್ರೆ ಹದಕ್ಕೆ ಬಂತು ಅಂತ. ಮೇಲೆ ಬೂಷ್ಟು ಕಟ್ಟೈತಾ?”

“ಇಲ್ಲ.”

“ಕೆಟ್ಟ ಹುಳಿ ವಾಸನೆ?”

“ಅದೂ ಇಲ್ಲ. ರುಚೀನೂ ಚೆನ್ನಾಗೈತೆ.”

“ನಿಂಗೆಂಗ್ ಗೊತ್ತು?”

“ಒಂದ್ ಲೋಟ ಕುಡಿದೆ, ಅತ್ತೆ.”

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ತಾವೂ ನಗತೊಡಗಿದರು.

“ಹಂಗಾದ್ರೆ ಕೆಟ್ಟಿಲ್ಲ. ನಡಿ, ಅವನು ಚೆಲ್ಲೋಕ್ ಮುಂಚೆ ಮನೆ ಸೇರೋಣ.”

ಬಸ್ಸು ಬಂತು. ಅದನ್ನು ಹತ್ತದೆ ಇಬ್ಬರೂ ಕೈ ಕೈ ಹಿಡಿದುಕೊಂಡು ಮನೆಯ ದಾರಿ ಹಿಡಿದು ಓಡಿದರು.