ಅರಸ ಎಲ್ಲಿ ನಿಂತಿದ್ದ ಎಂದು ಕೇಳಿದವರು

ಚಂದ್ರಮತಿ ಅಕ್ಕ, ಸುಶಾಂತ್, ಶುಕ್ರವಾರದ ರಜೆ ಬಿಟ್ಟು ದುಬೈಯಿಂದ, ರುವೈಸ್‌ನಿಂದ ಇಲ್ಲಿಯವರೆಗೆ ಬಂದ ಬಂಧುಗಳೇ, ಎಲ್ಲರಿಗೂ ನಮಸ್ಕಾರ. ನಾನು ವ್ಯಾಲೆಂಟೈನ್. ಮುಸಫ್ಫಾದ ವರ್ಕ್‌ಶಾಪಿನಲ್ಲಿ ಪೂವಪ್ಪಣ್ಣನ ಜೊತೆ ಪ್ರದರ್ಶನಗಳಿಗೆ ಬೇಕಾದ ಗೋಡೆ, ಗೋಪುರ, ಗೊಂಬೆ ಮಾಡಿದವನು. ಅವರು ಫೈಬರಿನಲ್ಲಿ ಅಚ್ಚು ತೆಗೆಯುವುದು, ನಾನು ಬಣ್ಣ ಹೊಡೆಯುವುದು. ಕಳೆದ ವಾರ ಹೃದಯಾಘಾತ ಅವರನ್ನು ಕೊಂಡೊಯ್ಯಿತು. ನನಗೆ ಇನ್ನೂ — ಚಹಾ ಕುಡಿಯಲು ಹೋಗಿದ್ದಾರೆ, ಬರುತ್ತಾರೆ ಎಂದೇ ಅನಿಸುತ್ತದೆ.

ಅವರಿಗೊಂದು ಚಾಳಿ ಇತ್ತು, ಅವರ ಕೈಹಿಡಿದ ಅಕ್ಕನಿಗೆ ಗೊತ್ತುಂಟು — ಪ್ರಶ್ನೆ ಕೇಳುವುದು. ಬೇರೆ ಯಾರಿಗೂ ಹೊಳೆಯದ್ದನ್ನು ಕೇಳುವುದು. 2012 ನೆನಪುಂಟಲ್ಲ? ಅಮೆರಿಕ ಖಂಡದ ಹಳೆಯ ಮಾಯಾ ಜನರ ಪಂಚಾಂಗ ಮುಗಿಯಿತು, ಇನ್ನು ಲೋಕ ಖಲಾಸ್ ಎಂದು ಟೀವಿಯಲ್ಲೆಲ್ಲ ಗುಲ್ಲು. ಆಗ ದುಬೈಯ ಒಂದು ಮಾಲ್‌ಗೆ ಮಾಯಾ ದೇಗುಲದ ಮುಂಭಾಗ ಮಾಡುವ ಕೆಲಸ ನಮಗೆ ಬಂತು. ನಡುವೆ ಮೆಟ್ಟಿಲು. ಆಚೆ ಈಚೆ ದೇವರ ಮುಖ — ಇಷ್ಟು ದೊಡ್ಡದು, ನನ್ನ ಎರಡು ಕೈ ಚಾಚಿದರೂ ಸಾಲದು. ಲೋಕ ಯಾವಾಗ ಮುಗಿಯುತ್ತದೆ ಎಂದು ನಾವು ಮಾತಾಡುತ್ತಿದ್ದರೆ ಇವರದು ಬೇರೆಯೇ. "ವ್ಯಾಲೆಂಟೈನ್, ಇಲ್ಲಿ ಅರಸ ಎಲ್ಲಿ ನಿಲ್ತಿದ್ದ ಮಾರಾಯ?"

ಯಾರಿಗೆ ಗೊತ್ತು? ಅವರೇ ಮೊಬೈಲಿನಲ್ಲಿ ಹುಡುಕಿದರು, ಡಿಸೈನ್ ಮಾಡಿದ ಮೇಡಂನ ಬೆನ್ನು ಬಿದ್ದು ಕೇಳಿದರು. ತೀರಾ ಮೊದಲಿನ ಅರಸರು ಆ ಮುಖಗಳ ನಡುವೆಯೇ ನಿಲ್ಲುತ್ತಿದ್ದರಂತೆ. ಒಂದು ಬದಿ ಹುಟ್ಟುವ ಸೂರ್ಯ, ಇನ್ನೊಂದು ಬದಿ ಮುಳುಗುವ ಸೂರ್ಯ, ನಡುವೆ ಅರಸ. ಅವನ ಹಣೆಪಟ್ಟಿಯಲ್ಲೂ ಒಂದು ದೇವರ ಮುಖ. ಕೆಳಗಿನ ಜನಕ್ಕೆ ದೇವರೂ ಅರಸನೂ ಒಂದೇ ಸಾಲಿನಲ್ಲಿ ಕಾಣಬೇಕು. ಉದ್ಘಾಟನೆಯ ದಿನ ನಮ್ಮ ಬಾಸ್ ಫೋಟೋಕ್ಕೆಂದು ಆ ಮೆಟ್ಟಿಲು ಹತ್ತಿದರು. ಕೆಳಗಿದ್ದ ನಾವೆಲ್ಲ ಗೊತ್ತಿಲ್ಲದೆಯೇ ನೆಟ್ಟಗಾದೆವು. ಪೂವಪ್ಪಣ್ಣ ನನ್ನ ಕಿವಿಯಲ್ಲಿ, "ನೋಡು, ಈಗಲೂ ಕೆಲಸ ಮಾಡ್ತದೆ" ಎಂದರು.

ನಗು ಬರುತ್ತದೆ. ಆದರೆ ಅವರಿಗೆ ಅದು ಬರೀ ತಮಾಷೆಯಲ್ಲ. ಈಚೆಗೆ ಊರಿನಲ್ಲಿ ಗುತ್ತಿನ ಗಡಿ ಹಿಡಿಯಲು, ಎಂದರೆ ಮನೆತನದ ಯಜಮಾನನಾಗಿ ದೈವದ ಕಾರ್ಯ ನಡೆಸಲು, ಅವರಿಗೆ ಕರೆ ಬಂದಿತ್ತು. ದೈವ ಪಾತ್ರಿಯ ಮೈಮೇಲೆ ಬಂದು ಮಾತಾಡುವ ನೇಮದ ದಿನ ಕೂರಲು ಒಂದು ಸಿಂಹಾಸನ ನೀವೇ ಮಾಡಿ ತನ್ನಿ, ಎರಡೂ ಕಡೆ ಸಿಂಹದ ಮುಖ ಇರಲಿ ಎಂದು ಮನೆಯವರ ಆಸೆ. ದೈವದ ಪಕ್ಕದಲ್ಲೇ ಇಡುವುದಂತೆ. ಒಂದು ಸಿಂಹ ಆಯಿತು. ಇನ್ನೊಂದಕ್ಕೆ ಅವರು ಕೈ ಹಾಕಲೇ ಇಲ್ಲ. ಯಾಕೆಂದು ಕೇಳಿದೆ.

"ನಮ್ಮಲ್ಲಿ ದೈವ ಗುತ್ತಿನವನನ್ನು ಎದುರು ನಿಲ್ಲಿಸಿ ಕೇಳ್ತದೆ. ಅವ ಕೈ ಮುಗಿದು ಜವಾಬು ಕೊಡ್ಬೇಕು. ನಾನು ದೈವದ ಪಕ್ಕದಲ್ಲಿ ಹೋಗಿ ಕೂತ್ರೆ — ಮತ್ತೆ ನನ್ನನ್ನು ಕೇಳುವುದು ಯಾರು?"

ನಾನು ಇಗರ್ಜಿಗೆ ಹೋಗುವವನು. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈಗ ಗಡಿ ಅವರ ಸೋದರಳಿಯ ಸುಶಾಂತನಿಗೆ ಬರುತ್ತದೆ. ಉಳಿದ ಸಿಂಹವನ್ನು ನೀವು ಮುಗಿಸಿಕೊಡಿ ಎಂದು ಊರಿನಿಂದ ನನಗೆ ಫೋನ್ ಬಂತು. ಹೂಂ ಎನ್ನಲೂ ಆಗಲಿಲ್ಲ, ಬೇಡ ಎನ್ನಲು ನಾನು ಯಾರು? ಇವತ್ತು ಬೆಳಿಗ್ಗೆ ಸುಶಾಂತನನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ. ಮಾವ ಹೇಳಿದ್ದನ್ನು ಹೇಳಿದೆ. ಅವನು ಆ ಒಂಟಿ ಸಿಂಹದ ತಲೆ ಸವರಿದ — ಹೀಗೆ. ಆಮೇಲೆ ಹೇಳಿದ, "ಮುಗಿಸ್ಬೇಡಿ ಅಂಕಲ್. ನಾನು ನಿಂತುಕೊಳ್ತೇನೆ. ಎದುರಿನಲ್ಲಿ."

ಪೂವಪ್ಪಣ್ಣ ಇದನ್ನು ಕೇಳಬೇಕಿತ್ತು.

ದಯವಿಟ್ಟು ಎಲ್ಲರೂ ಕುರ್ಚಿಯಿಂದ ಏಳಿ. ಅವರ ಚಿತ್ರದ ಎದುರು, ಸುಶಾಂತನ ಜೊತೆಗೆ, ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ.